ಬಿಸಿಲಿನಲ್ಲಿ ಇಂಬಳ

ಹಾನುಬಾಳಿನ ಕಡೆಯ ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಹೆಂಗಸರ ಸೀರೆಗೆ ರಕ್ತ ಹತ್ತಿದ್ದರೆ ಯಾರೂ ಬೆಚ್ಚುವುದಿಲ್ಲ. ಇಂಬಳವೆಂಬ ಆ ಹಾಳು ಜಿಗಣೆ ಹೊಟ್ಟೆ ತುಂಬ ಕುಡಿದು ಉದುರಿರುತ್ತದೆ, ಅಷ್ಟೇ. ಎಲೆಯಡಿಕೆಯ ಸುಣ್ಣ ಒಂದಿಷ್ಟು ಮೆತ್ತಿ ಮತ್ತೆ ಕಳೆ ಕೀಳಲು ಬಗ್ಗುತ್ತಾರೆ. ವಸಂತ ತನ್ನ ಸಂಕಟವನ್ನು ಬಚ್ಚಿಟ್ಟದ್ದು ಈ ಇಂಬಳದ ಹಿಂದೆ.

ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮುಟ್ಟು ನಿಂತೂ ಬಹಳ ಕಾಲವಾಗಿತ್ತು. ಆಷಾಢದ ಒಂದು ಬೆಳಿಗ್ಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ವಿಧವೆಗೆ ಈ ವಯಸ್ಸಿನಲ್ಲಿ ರಕ್ತ ಎಂದರೆ ಕೂಲಿ ಲೈನಿನ ಮನೆಗಳ ಬಾಯಿ ಸುಮ್ಮನಿದ್ದೀತೇ? ಇಲ್ಲದ ಗಂಡಸನ್ನು ತಂದು ಬಾಗಿಲಲ್ಲಿ ನಿಲ್ಲಿಸುವ ಜನ! ಸುಡುಗಾಡು ಮಾನಕ್ಕೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಳು. ಮನೆದೇವರಿಗೆ ಮುಡಿಪು ಕಟ್ಟಿದಳು, ಲೋಳೆಸರ ಕುಡಿದಳು, ಒಬ್ಬಳೇ ಅತ್ತಳು. ನಾಳೆ ನಿಂತೀತು ಅಂದುಕೊಂಡಳು.

ಪಕ್ಕದ ಮನೆಯ ಬೆಟ್ಟಮ್ಮ ಅವಳ ಜೊತೆಗೇ ಸಾಲು ಹಿಡಿಯುವವಳು. ಕಲೆ ಕಂಡರೆ, "ಎಲ್ಲೇ ಕಚ್ಚೈತೆ?" ಎನ್ನುವಳು. ವಸಂತ ಕಾಲಿನ ಹಳೆಯ ಗಾಯ ತೋರಿಸುವಳು.

"ನಿನ್ ರಕ್ತ ಅದೇನ್ ಸಿಹಿಯೋ ಮಾರಾಯ್ತಿ, ನನ್ನ ಬುಟ್ಟು ನಿನ್ನೇ ಹುಡುಕ್ಕಂಡ್ ಬತ್ತವೆ," ಎಂದು ಬೆಟ್ಟಮ್ಮ ಸುಣ್ಣ ಹಚ್ಚುವಳು. ಕಿಬ್ಬೊಟ್ಟೆ ಹಿಂಡುತ್ತಿದ್ದರೂ ವಸಂತ ನಗುವಳು.

ಮಳೆ ಹೋಗಿ ಕಾಫಿ ಕುಯ್ಲು ಬಂತು. ನೆಲ ಒಣಗಿ ದೂಳೆದ್ದಿತು, ಇಂಬಳಗಳು ಮಣ್ಣು ಸೇರಿದವು. ರಕ್ತ ಮಾತ್ರ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಹಣ್ಣು ಕುಯ್ಯುತ್ತಿದ್ದವಳು ಗಿಡದ ಬುಡದಲ್ಲೇ ಕುಸಿದಳು. ಸೀರೆಯ ಹಿಂಭಾಗವೆಲ್ಲ ತೊಯ್ದಿತ್ತು.

"ಇಂಬಳ ಕಣಕ್ಕ," ಎಂದಳು.

"ಥೂ ನಿನ್ನ! ಈ ಬಿಸ್ಲಲ್ಲಿ ಎಲ್ಲೈತೆ ಇಂಬಳ?" ಬೆಟ್ಟಮ್ಮ ಅವಳನ್ನು ಎತ್ತಿ ಕೂರಿಸಿದಳು. "ನಿಜ ಹೇಳೇ."

ವಸಂತ ಎಲ್ಲವನ್ನೂ ಹೇಳಿಬಿಟ್ಟಳು. ತೋಟದ ಲೆಕ್ಕ ಬರೆಯುವ ರೈಟರ ಜೀಪಿನಲ್ಲಿ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಹೋದದ್ದಾಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಬರಬೇಕಮ್ಮ. ಗರ್ಭಕೋಶದ ಕ್ಯಾನ್ಸರ್ ಇದು. ಮೊದಲೇ ಬಂದಿದ್ದರೆ ಆಪರೇಷನ್ ಮಾಡಿ ಉಳಿಸಿಕೊಳ್ಳಬಹುದಿತ್ತು. ಈಗ ಶ್ವಾಸಕೋಶಕ್ಕೂ ಹರಡಿದೆ. ಯಾವಾಗಿಂದ ರಕ್ತ ಹೋಗ್ತಿತ್ತು?"

ವಸಂತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉತ್ತರ ಕೊಟ್ಟದ್ದು ಬೆಟ್ಟಮ್ಮ.

"ಆಷಾಢದಿಂದ ಕಣವ್ವ... ಇಡೀ ಮಳೆಗಾಲ ನನ್ ಕೈಯಾರೆ ಸುಣ್ಣ ಹಚ್ಚಿದ್ನಲ್ಲವ್ವಾ, ಕಾಲಿಗೆ!" ಎಂದು ಹಣೆ ಹಣೆ ಚಚ್ಚಿಕೊಂಡಳು.