ಮ್ಯಾಚ್ ಸೋಲಿಸಿದ ರಜಾ ಚೀಟಿ

ಕಳೆದ ಮಂಗಳವಾರ ಬೆಳಗ್ಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ಕಾಲಿಟ್ಟು ನಾನು "ಗುಡ್ ಮಾರ್ನಿಂಗ್" ಅಂದಾಗ ಸಹೋದ್ಯೋಗಿಗಳೆಲ್ಲ ಒಮ್ಮೆಲೇ ತಿರುಗಿ ನೋಡಿದರು. ನನ್ನ ದನಿ ಸರಿಯಾಗಿತ್ತು. ಅದೇ ಅವರಿಗೆ ಆಶ್ಚರ್ಯ.

ಆಗಸ್ಟ್ ಕೊನೆ ಬಂತೆಂದರೆ ನನ್ನ ಗಂಟಲು ಹೋಗುತ್ತದೆ ಅನ್ನುವುದು ಇಡೀ ವಿಭಾಗಕ್ಕೆ ಗೊತ್ತು. ಆಕ್ಲೆಂಡಿನ ಚಳಿ ಅದಕ್ಕೆ ಕಾರಣವಲ್ಲ. ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಮೆಂಟ್! (ನ್ಯೂಜಿಲೆಂಡಿನಲ್ಲಿ ಕಾಲೇಜು ಅಂದರೆ ನಮ್ಮ ಹೈಸ್ಕೂಲು, ಪಿಯುಸಿ ಎಲ್ಲ ಸೇರಿದ್ದು. ಹದಿಮೂರರಿಂದ ಹದಿನೆಂಟರ ಮಕ್ಕಳು.) ಟೂರ್ನಮೆಂಟ್ ಮುಗಿಯುವವರೆಗೆ ನಾನು ರೋಗಿಗಳಿಗೆ "ಉಸಿರು ಹಿಡಿದುಕೊಳ್ಳಿ" ಎಂದು ಕೈಸನ್ನೆಯಲ್ಲೇ ಹೇಳುವವಳು.

ಈ ಸಲ ಸೋಮವಾರದ ಮ್ಯಾಚಿನಲ್ಲಿ ನಾನು ಒಂದು ಸಲವೂ ಕೂಗಲಿಲ್ಲ. ಕೂಗುವ ಯೋಗ್ಯತೆ ಇರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ.

ಮೊದಲೇ ಹೇಳಿಬಿಡುತ್ತೇನೆ, ಆ ಟೀಮಿನಲ್ಲಿ ನನ್ನ ಮಕ್ಕಳು ಯಾರೂ ಇಲ್ಲ. ನನ್ನ ಮಗ ಚೆಸ್ ಆಡುತ್ತಾನೆ. ಆದರೂ ಮೌಂಟ್ ರಾಸ್ಕಿಲ್‌ನ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆಯ ಕಾಲೇಜಿನ ಹುಡುಗಿಯರ ಮ್ಯಾಚನ್ನು ಐದು ವರ್ಷದಿಂದ ತಪ್ಪಿಸಿಲ್ಲ. ಮೈಸೂರಿನಲ್ಲಿ ಪಿಯುಸಿ ಓದುವಾಗ ನಾನೂ ಆಡುತ್ತಿದ್ದೆ. ಸಿಮೆಂಟಿನ ಕೋರ್ಟು, ನೆಟ್ ಇಲ್ಲದ ರಿಂಗು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಆಟ. ಇಲ್ಲಿ ಮರದ ನೆಲ. ಅದರ ಮೇಲೆ ಶೂಗಳು ಕಿರುಗುಡುವ ಸದ್ದು ಕೇಳಿದರೆ ಸಾಕು, ನನಗೆ ಮೈಮೇಲೆ ಬಂದಂತಾಗುತ್ತದೆ. "ಬಾಕ್ಸ್ ಔಟ್!" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವಳು ಮೂರನೇ ಕ್ವಾರ್ಟರಿನ ಹೊತ್ತಿಗೆ "ಕೈ ಎತ್ತೇ, ಕೈ ಎತ್ತು!" ಎಂದು ಅಚ್ಚ ಕನ್ನಡಕ್ಕೆ ಇಳಿದಿರುತ್ತೇನೆ. ಪಕ್ಕದಲ್ಲಿ ಕೂರುವ ಟೊಂಗಾ ದ್ವೀಪದ ಅಮ್ಮಂದಿರು ಅದನ್ನೇ ಕಲಿತು ನನ್ನ ಜೊತೆ ಕೂಗುತ್ತಾರೆ. ಅರ್ಥ ಕೇಳಿಲ್ಲ, ನಾನೂ ಹೇಳಿಲ್ಲ.

ಆ ಟೀಮಿನ ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಎದುರಾಳಿಗಳ ಕಡೆಗೆ ತಂದು ಆಟ ಕಟ್ಟುವವಳು, ನಮ್ಮ ಹುಡುಗಿ. ಮೇಘನಾ. ನನ್ನ ಗೆಳತಿ ಸುಧಾಳ ಮಗಳು. ಸುಧಾ ನರ್ಸ್, ಅವಳ ಗಂಡ ನಾಗೇಶ್ ರಸ್ತೆ ಕಟ್ಟುವ ಎಂಜಿನಿಯರ್, ಇಬ್ಬರೂ ಮಂಡ್ಯದ ಕಡೆಯವರು. ಮೇಘನಾಳದು ಇಯರ್ ತರ್ಟೀನ್, ಕಾಲೇಜಿನ ಕೊನೆಯ ವರ್ಷ. ಐದು ವರ್ಷದಲ್ಲಿ ಆ ಟೀಮು ಒಮ್ಮೆಯೂ ನ್ಯಾಷನಲ್ಸ್‌ಗೆ ಹೋಗಿರಲಿಲ್ಲ. ಈ ಸಲ ಹೋಗಬಹುದು ಎಂಬ ಹಾಗಿತ್ತು. ಶನಿವಾರ ಬೆಳಗ್ಗೆ ಒಂದು ಸುಲಭದ ಮ್ಯಾಚು, ಸೋಮವಾರ ಸಂಜೆ ನಿಜವಾದ ಮ್ಯಾಚು. ಸೋಮವಾರ ಗೆದ್ದವರು ನ್ಯಾಷನಲ್ಸ್‌ಗೆ, ಸೋತವರು ಮನೆಗೆ.

ಅದೇ ಶನಿವಾರ ಬೆಳಗ್ಗೆ ನಮ್ಮ ಕನ್ನಡ ಸಂಘದ ಗಣೇಶೋತ್ಸವ. ಎಂಟು ಹುಡುಗಿಯರ ಗುಂಪು ನೃತ್ಯ, ಮಧ್ಯದಲ್ಲಿ ಮೇಘನಾ. ಅವಳು ಜುಲೈನಲ್ಲೇ "ನೋ ಮಮ್, ನಾಟ್ ದಿಸ್ ಇಯರ್" ಎಂದಿದ್ದಳು. ಸುಧಾ ಹೆಸರು ಕೊಟ್ಟಾಗಿತ್ತು. ಮಕ್ಕಳು ಬೇಡ ಅನ್ನುವುದನ್ನು ನಾವು ಯಾವತ್ತು ಉತ್ತರ ಅಂತ ಪರಿಗಣಿಸಿದ್ದೇವೆ?

ಶುಕ್ರವಾರ ಸಂಜೆ ಸುಧಾ ನಮ್ಮ ಮನೆಗೆ ಬಂದಳು, ಮಗಳನ್ನು ಕರೆದುಕೊಂಡು.

"ಕೋಚ್‌ಗೆ ಒಂದು ಈಮೇಲ್ ಬರ್ಕೊಡೆ. ನಿನ್ ಇಂಗ್ಲಿಷ್ ಚೆನ್ನಾಗದೆ. ಇವ್ಳಿಗೆ ಜ್ವರ, ಶನಿವಾರ ಆಡಕ್ಕಾಗಲ್ಲ ಅಂತ."

ಮೇಘನಾ ಸೋಫಾದ ತುದಿಯಲ್ಲಿ ಕೂತಿದ್ದಳು. "ಮಮ್, ಜಸ್ಟ್ ಟೆಲ್ ಹರ್ ಇಟ್ಸ್ ಗಣೇಶ," ಅಂದಳು.

"ಅದೆಲ್ಲ ಅವ್ರಿಗೆ ಅರ್ಥ ಆಗಲ್ಲ, ಸುಮ್ನಿರು. ಹಬ್ಬ ಅಂದ್ರೆ ಅವ್ರಿಗೆ ಏನ್ ಗೊತ್ತು? ಜ್ವರ ಅಂದ್ರೆ ಯಾರೂ ಎದುರು ಮಾತಾಡಲ್ಲ."

ನಾನು ಏನು ಹೇಳಬೇಕಿತ್ತು? ನೀವೇ ಹೇಳಿ. ಐದು ವರ್ಷ ಗಂಟಲು ಹರಿದುಕೊಂಡ ಅಭಿಮಾನಿ, ಒಂದು ಕಾಲದ ಆಟಗಾರ್ತಿ, ಇಂಥ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವಳು. ನಾನು ಹೇಳಿದ್ದು ಇಷ್ಟು: "ಶನಿವಾರದ ಮ್ಯಾಚು ಬಿಡು ಮೇಘನಾ, ನೀನಿಲ್ಲದೆಯೂ ಗೆಲ್ತಾರೆ. ಸೋಮವಾರಕ್ಕೆ ಫ್ರೆಶ್ ಆಗಿರ್ತೀಯ." ಹೇಳಿ, ಸುಧಾಳ ಫೋನ್ ಇಸಿದುಕೊಂಡು, ಮೂರೇ ನಿಮಿಷದಲ್ಲಿ ಬರೆದುಕೊಟ್ಟೆ.

ಬರೆಯದೆ ಏನು? ನಮ್ಮ ಪೀಳಿಗೆಗೆ ಶಾಲೆಯಲ್ಲಿ ಹೇಳಿಕೊಟ್ಟ ಮೊದಲ ಇಂಗ್ಲಿಷ್ ಪತ್ರವೇ ಅದು. "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್..." ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದರು. ಮದುವೆಗೆ ಹೋಗಬೇಕಾದರೂ ಜ್ವರ, ಸಿನಿಮಾಕ್ಕೆ ಹೋಗಬೇಕಾದರೂ ಜ್ವರ. ಹಾಸ್ಟೆಲಿನಲ್ಲಿ ಅರ್ಧ ಹುಡುಗಿಯರ ಜ್ವರ ನನ್ನ ಕೈಬರಹದಲ್ಲೇ ಬಂದದ್ದು. ಓದುವ ಮೇಷ್ಟರಿಗೂ ಅದು ಸುಳ್ಳೆಂದು ಗೊತ್ತು, ಬರೆಯುವ ನಮಗೂ ಅವರಿಗೆ ಗೊತ್ತೆಂದು ಗೊತ್ತು. ಸಹಿ ಬೀಳುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ.

ಇಲ್ಲಿ ಅದನ್ನು ಓದಿದವಳು ನಂಬಿಬಿಟ್ಟಳು.

ಕೋಚ್ ಹೆಸರು ಸಿನಾ. ಸಮೋವಾ ದ್ವೀಪದ ಮೂಲದವಳು, ಅದೇ ಕಾಲೇಜಿನಲ್ಲಿ ಪಿ.ಟಿ. ಟೀಚರ್. ಶನಿವಾರ ಮಧ್ಯಾಹ್ನ ಮೇಘನಾ ಮುಖದ ತುಂಬ ಮೇಕಪ್ ಬಳಿದುಕೊಂಡು ಹಾಲ್‌ನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಸುಧಾಳ ಫೋನಿಗೆ ಸಿನಾಳ ಮೆಸೇಜು ಬಂತು. ಗೆದ್ದೆವು, ಹುಡುಗಿಯರೆಲ್ಲ ಮೇಘನಾಳನ್ನು ವಿಚಾರಿಸಿದರು, ಚೆನ್ನಾಗಿ ನೋಡಿಕೊಳ್ಳಿ. ಮನೆಗೆ ಸೂಪ್ ಏನಾದರೂ ತರಲೇ? ಕೊನೆಗೊಂದು ಸಾಲು: ಜ್ವರ ಪೂರ್ತಿ ಬಿಟ್ಟು ಎರಡು ದಿನ ಆಗುವವರೆಗೆ ಆಡುವಂತಿಲ್ಲ ಎಂಬ ನಿಯಮ ಗೊತ್ತಲ್ಲ, ಹಾಗಾಗಿ ಸೋಮವಾರ ಬಹುಶಃ ಆಗಲಿಕ್ಕಿಲ್ಲ, ನನಗೂ ಬೇಜಾರು.

ಹಿಂದಿನ ಚಳಿಗಾಲ ಒಬ್ಬಳ ಫ್ಲೂ ಅರ್ಧ ಟೀಮಿಗೆ ಹರಡಿದ ಮೇಲೆ ಮಾಡಿಕೊಂಡ ನಿಯಮವಂತೆ. ಅದು ನಮಗೆಲ್ಲಿ ಗೊತ್ತಿತ್ತು? ನಮ್ಮ ಜ್ವರ ಬೇಕಾದಾಗ ಬಂದು ಬೇಡವಾದಾಗ ಹೋಗುವಂಥದ್ದು!

ಸುಧಾ ಪುಳಿಯೋಗರೆ ತಟ್ಟೆ ಅಲ್ಲೇ ಬಿಟ್ಟು ನನ್ನನ್ನು ಹುಡುಕಿಕೊಂಡು ಬಂದಳು. "ಇನ್ನೊಂದು ಬರ್ಕೊಡೆ. ಜ್ವರ ಶುಕ್ರವಾರ ರಾತ್ರಿನೇ ಬಿಟ್ಟೋಯ್ತು, ಶನಿವಾರ ಬರೀ ಸುಸ್ತಿತ್ತು ಅಂತ."

ನಿಜ ಹೇಳುತ್ತೇನೆ, ನಾನು ಬರೆಯಲು ಶುರು ಮಾಡಿದೆ. ಎರಡು ಸಾಲು ಬರೆದೂ ಆಗಿತ್ತು. ಗೆಜ್ಜೆ ಸದ್ದಾಯಿತು. ಮೇಘನಾ ಬಂದು ಅಮ್ಮನ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆತ್ತಗೆ ತೆಗೆದುಕೊಂಡಳು. "ಆಂಟಿ, ಪ್ಲೀಸ್ ಸ್ಟಾಪ್," ಅಂದಳು.

ಸೋಮವಾರ ಬೆಳಗ್ಗೆ ಮೊದಲ ಬೆಲ್ ಆಗುವ ಮುಂಚೆ ಅವಳೊಬ್ಬಳೇ ಕೋಚ್ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ಅಮ್ಮನ ಮೇಲೆ ಹಾಕಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. "ನನಗೆ ಜ್ವರ ಇರಲಿಲ್ಲ, ನಾನು ಹಬ್ಬಕ್ಕೆ ಹೋಗಿದ್ದೆ" ಎಂದಳಂತೆ, ಅಷ್ಟೇ.

ಸಿನಾ ಅವಳನ್ನು ತಬ್ಬಿಕೊಂಡಳಂತೆ. ಆಮೇಲೆ ಹೇಳಿದಳಂತೆ: ಸೀಸನ್ ಶುರುವಿನಲ್ಲಿ ನೀವೆಲ್ಲ ಸಹಿ ಹಾಕಿದ ಕಾಗದದಲ್ಲಿ ಟೀಮಿಗೆ ಸುಳ್ಳು ಹೇಳಿದರೆ ಒಂದು ಮ್ಯಾಚ್ ಇಲ್ಲ ಅಂತ ಇದೆ. ಹೋದ ವರ್ಷ ಬೇರೊಬ್ಬಳನ್ನು ಅದೇ ಕಾರಣಕ್ಕೆ ಕೂರಿಸಿದ್ದೇನೆ. ನಿನಗೊಂದು, ಅವಳಿಗೊಂದು ಮಾಡಲಾರೆ. ಜರ್ಸಿ ಹಾಕಿಕೊಂಡು ಬಾ, ಬೆಂಚಿನಲ್ಲಿ ನಮ್ಮ ಜೊತೆ ಕೂರು.

ಮೇಘನಾ ಹೊರಡುವಾಗ ಸಿನಾ ಕೇಳಿದ್ದು ಇನ್ನೊಂದು: "ಹಬ್ಬ ಅಂತ ನನಗೆ ಯಾಕೆ ಹೇಳಲಿಲ್ಲ?"

ಆ ಟೀಮಿನಲ್ಲಿ ಫರೀದಾ ಅಂತ ಒಬ್ಬಳಿದ್ದಾಳೆ. ಅವಳ ಈದ್‌ಗೆ ಪ್ರಾಕ್ಟೀಸ್ ದಿನವನ್ನೇ ಬದಲಿಸಿದ್ದರು. ಶನಿವಾರದ ಮ್ಯಾಚನ್ನು ಬೆಳಗ್ಗೆಯಿಂದ ಸಂಜೆ ನಾಲ್ಕಕ್ಕೆ ಹಾಕಿಸಲು ಸಿನಾಗೆ ಒಂದು ಫೋನ್ ಕಾಲ್ ಸಾಕಿತ್ತಂತೆ. ಬೆಳಗ್ಗೆ ನೃತ್ಯ, ಸಂಜೆ ಆಟ. ಎರಡೂ ಆಗುತ್ತಿತ್ತು. ಕೇಳಿದ್ದರೆ!

ಇದನ್ನು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ಮನೆ ಮುಂದೆ ರಂಗೋಲಿ ಹಾಕುತ್ತೇವೆ, ಆಫೀಸಿಗೆ ಲಾಡು ಹಂಚುತ್ತೇವೆ, "ನಮ್ಮ ಸಂಸ್ಕೃತಿ" ಎಂದು ವೇದಿಕೆಯ ಮೇಲೆ ಮೈಕು ಹಿಡಿದು ಅರಚುತ್ತೇವೆ. ಒಬ್ಬ ಟೀಚರಿಗೆ ಒಂದು ಸಾಲು ಬರೆಯುವ ಹೊತ್ತು ಬಂದಾಗ ನಮ್ಮ ಗಣೇಶನನ್ನು ಕಂಬಳಿ ಹೊದಿಸಿ ಜ್ವರದ ಹಿಂದೆ ಮಲಗಿಸುತ್ತೇವೆ. ಯಾರು ನಮ್ಮ ಹಬ್ಬಕ್ಕೆ ಬೇಡ ಅಂದಿದ್ದರು? ಯಾರೂ ಇಲ್ಲ. ಅವರಿಗೆ ಅರ್ಥವಾಗುವುದಿಲ್ಲ ಎಂದು ಅವರನ್ನು ಕೇಳದೆಯೇ ತೀರ್ಮಾನಿಸಿದವರು ನಾವು. ಅದಕ್ಕೆ ದಂಡ ಕಟ್ಟಿದವಳು ಮಾತ್ರ ಮೇಘನಾ.

ಸೋಮವಾರ ಸಂಜೆ ಹೋದೆ. ಹೋಗದಿರಲು ಧೈರ್ಯ ಬೇಕಿತ್ತು, ಅದೂ ಇರಲಿಲ್ಲ. ಸುಧಾ, ನಾಗೇಶ್ ಬರಲಿಲ್ಲ. ಎದುರು ಟೀಮಿನವರು ಮೊದಲ ನಿಮಿಷದಿಂದಲೇ ನಮ್ಮ ಹುಡುಗಿಯರನ್ನು ಒತ್ತಿ ಹಿಡಿದರು. ಚೆಂಡನ್ನು ಮುಂದಕ್ಕೆ ತರುವವರೇ ಇಲ್ಲ. ಮೇಘನಾಳ ಜಾಗದಲ್ಲಿ ಆಡಿದ ಹುಡುಗಿ ಇಯರ್ ಟೆನ್‌ನವಳು, ಪಾಪ, ಅವಳಿಗಿಂತ ಮೂರು ವರ್ಷ ಚಿಕ್ಕವಳು. ಟೈಮ್ ಔಟ್ ಬಂದಾಗಲೆಲ್ಲ ಮೇಘನಾ ಓಡಿ ಹೋಗಿ ಅವಳಿಗೆ ನೀರು ಕೊಟ್ಟು ಕಿವಿಯಲ್ಲಿ ಏನೋ ಹೇಳಿ ಬೆನ್ನು ತಟ್ಟುತ್ತಿದ್ದಳು. ಕೊನೆಯ ಕ್ವಾರ್ಟರಿನಲ್ಲಿ ಎರಡು ಸಲ ಸಮಕ್ಕೆ ತಂದರು. ನಾಲ್ಕು ಪಾಯಿಂಟ್‌ಗಳಿಂದ ಸೋತರು.

ಪಕ್ಕದಲ್ಲಿ ಕೂತಿದ್ದ ಟೊಂಗಾದ ಆಂಟಿ, ಸೋತ ಹುಡುಗಿಯೊಬ್ಬಳ ಅಮ್ಮ, ಡಬ್ಬಿ ತೆರೆದು ನನಗೊಂದು ಕಿತ್ತಳೆ ಹೋಳು ಕೊಟ್ಟಳು. ನಾನು ಕೂಗದೆ ಕೂತದ್ದು ಚಿಂತೆಯಿಂದ ಅಂದುಕೊಂಡಿದ್ದಳು.

"ನಿಮ್ಮ ಹುಡುಗಿ ಹೇಗಿದ್ದಾಳೆ? ಜ್ವರ ಕಡಿಮೆ ಆಯ್ತಾ?" ಎಂದು ಕೇಳಿದಳು.

ಕೋಚ್ ಯಾರಿಗೂ ಹೇಳಿರಲಿಲ್ಲ. ಹೇಳುವ ಅವಕಾಶ ನನಗೆ ಸಿಕ್ಕಿತ್ತು. ನಾನು "ಆಯ್ತು" ಅಂದೆ. ನನಗೆ ನನ್ನ ಮೇಲೆ ಇಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಮಂಗಳವಾರ ಸಂಜೆ ಸುಧಾಳ ಮನೆಗೆ ಹೋದೆ. ಸೀದಾ ಮೇಘನಾಳ ರೂಮಿಗೆ ಹೋಗಿ "ಸಾರಿ ಮೇಘನಾ, ತಪ್ಪು ನನ್ನದು" ಅಂದೆ. ಬಾಗಿಲಲ್ಲಿ ನಿಂತಿದ್ದ ಸುಧಾಗೆ ಗಾಬರಿ. "ಅಯ್ಯೋ, ಮಕ್ಕಳ ಹತ್ರ ಎಲ್ಲಾದ್ರೂ ಸಾರಿ ಕೇಳ್ತಾರಾ?" ಕೇಳಬಾರದೇ? ನಮ್ಮ ಸುಳ್ಳಿಗೆ ಅವರು ಬೆಂಚಿನಲ್ಲಿ ಕೂರಬಹುದು, ನಾವು ಒಂದು ಸಾರಿ ಹೇಳಿದರೆ ಮಾತ್ರ ಮರ್ಯಾದೆ ಹೋಗುತ್ತದೆಯೇ?

ಮೇಘನಾ "ಇಟ್ಸ್ ಓಕೆ, ಆಂಟಿ" ಅಂದಳು. ಓಕೆ ಆಗಿರಲಿಲ್ಲ. ಅತ್ತು ಅತ್ತು ಅವಳ ಕಣ್ಣು ಊದಿತ್ತು. ಜರ್ಸಿಯನ್ನು ಕಾಲೇಜಿಗೆ ವಾಪಸ್ ಕೊಡಲು ಮಡಚುತ್ತಿದ್ದಳು. ಈ ಹುಡುಗಿಗೆ ಇನ್ನೊಂದು ಸೀಸನ್ ಇಲ್ಲ.

ಹೊರಗೆ ಬಂದರೆ ನಾಗೇಶ್ ಲ್ಯಾಪ್‌ಟಾಪ್ ತೆರೆದುಕೊಂಡು ನನಗಾಗಿ ಕಾಯುತ್ತಿದ್ದ. ಪ್ರಿನ್ಸಿಪಾಲರಿಗೆ ದೂರು ಕೊಡಬೇಕಂತೆ. ನಾವು ಭಾರತೀಯರೆಂದು ಕೋಚ್ ಭೇದ ಮಾಡಿದಳಂತೆ. "ನೀವೇ ಸ್ವಲ್ಪ ಸ್ಟ್ರಾಂಗಾಗಿ ಬರ್ಕೊಡಿ, ನಿಮ್ ಇಂಗ್ಲಿಷ್ ಚೆನ್ನಾಗದೆ."

ನಾನು ಲ್ಯಾಪ್‌ಟಾಪನ್ನು ಮುಚ್ಚಿದೆ. ಸ್ವಲ್ಪ ಜೋರಾಗಿಯೇ ಮುಚ್ಚಿದೆ.

"ಭೇದ ಮಾಡ್ಲಿಲ್ಲ ನಾಗೇಶ್. ಮಾಡಿದ್ರೆ ನಿಮ್ಮ ಮಗಳು ಆಡ್ತಿದ್ಲು."

ಅವನು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಿಜವಾಗಿಯೂ ನೊಂದವನ ದನಿಯಲ್ಲಿ ಹೇಳಿದ:

"ಅಲ್ಲ, ಕೋಚ್ ಹತ್ರ ಹೋಗಿ ನಿಜ ಹೇಳೋಕ್ ಮುಂಚೆ ಅವ್ಳು ನಮ್ಮನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಕೇಳಿದ್ದರೆ, ನಾವು ಹೇಳಲು ಬಿಡುತ್ತಿದ್ದೆವೇ?