ಗಂಟು ಮುಗಿಯುವವರೆಗೆ ಮಾತಿಲ್ಲ

ಬೆಳಗಿನ ಬಿಸಿಲು ಬಂಡೆಯ ನೆತ್ತಿಯನ್ನಷ್ಟೇ ಮುಟ್ಟಿದೆ, ಕೆಳಗೆ ಇನ್ನೂ ಇಳಿದಿಲ್ಲ. ನೆತ್ತಿಯ ಅಂಚಿನಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದಾರೆ. ಹಿಂಬದಿಯ ಕಾಲುದಾರಿಯಲ್ಲಿ ಪತ್ರಿಕೆಗೆ ಇವರ ಬಗ್ಗೆ ಬರೆಯಲೆಂದು ಏದುಸಿರು ಬಿಡುತ್ತ ಹತ್ತಿಬಂದ ನಾನು ನಮಸ್ಕಾರ ಹೇಳುತ್ತೇನೆ. ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳುತ್ತೇನೆ. ತಲೆಯನ್ನೂ ಎತ್ತುವುದಿಲ್ಲ. ಫೋನಿನಲ್ಲಿ ಅಷ್ಟು ಆದರದಿಂದ ಮಾತಾಡಿದವರು ಇವರೇನಾ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತದೆ.

ಅವರು ಗಂಟನ್ನು ಬಿಗಿಯುತ್ತಾರೆ. ಬಂಡೆಗೆ ಕೂರಿಸಿದ ಬೋಲ್ಟುಗಳಿಂದ ಬರುವ ದಪ್ಪ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಾರೆ. ಕೊಂಡಿಯ ತಿರುಪು ಕೂತಿದೆಯೇ ಎಂದು ಹೆಬ್ಬೆರಳಿನಲ್ಲಿ ಒತ್ತುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಮುಖದ ತುಂಬ ನಗುತ್ತಾರೆ.

"ಈಗ ಹೇಳಿ, ನಮಸ್ಕಾರ. ಬೇಜಾರು ಮಾಡ್ಕೋಬೇಡಿ. ಗಂಟು ಮುಗಿಯೋವರೆಗೆ ನಮ್ಮಮ್ಮ ಕರೆದ್ರೂ ನಾನು ಓ ಅನ್ನಲ್ಲ."

ಇವರನ್ನು ಇಲ್ಲಿಗೆ ಬರುವವರೆಲ್ಲ ಕರೆಯುವುದು ಹಗ್ಗದಕ್ಕ ಎಂದು. ಊರಿನ ಕೊನೆಯ ಬಸ್ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಸಿಗುವ ಈ ಬಂಡೆಗೆ ವಾರಾಂತ್ಯದಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕುಟುಂಬಗಳು ಬರುತ್ತವೆ. ಹೆಚ್ಚಿನವರು ಜೀವಮಾನದಲ್ಲಿ ಮೊದಲ ಸಲ ಬಂಡೆ ಮುಟ್ಟುವವರು. ಹತ್ತಿ, ಕೈ ಎತ್ತಿ, ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಫೋಟೊದಲ್ಲಿ ಬಂಡೆ ಇರುತ್ತದೆ, ಆಕಾಶ ಇರುತ್ತದೆ, ಹತ್ತಿದವರ ನಗು ಇರುತ್ತದೆ, ಹಗ್ಗವೂ ಇರುತ್ತದೆ. ಆ ಹಗ್ಗದ ಇನ್ನೊಂದು ತುದಿ ಹಿಡಿದು ಕೆಳಗೆ ನಿಂತವರು ಮಾತ್ರ ಯಾವ ಫೋಟೊದಲ್ಲೂ ಇಲ್ಲ.

ಏರ್ಪಾಡು ಸರಳವಾಗಿದೆ. ಹಗ್ಗ ಹತ್ತುವವರ ಸೊಂಟದ ಪಟ್ಟಿಯಿಂದ ಹೊರಟು, ನೆತ್ತಿಯ ಕೊಂಡಿಯಲ್ಲಿ ಹಾದು, ತಿರುಗಿ ಕೆಳಗೆ ಹಗ್ಗದಕ್ಕನ ಕೈಗೆ ಬರುತ್ತದೆ. ಮೇಲಿನವರು ಒಂದು ಹೆಜ್ಜೆ ಏರಿದರೆ ಇವರು ಅಷ್ಟು ಹಗ್ಗ ಎಳೆದುಕೊಳ್ಳುತ್ತಾರೆ. ಕಾಲು ಜಾರಿದರೆ ಅಲ್ಲೇ ತಡೆದು ನಿಲ್ಲಿಸುತ್ತಾರೆ. ತುದಿ ಮುಟ್ಟಿದ ಮೇಲೆ ಹಿಂದಕ್ಕೆ ಒರಗಿ ಹಗ್ಗದಲ್ಲಿ ಕೂತರೆ ಸಾಕು, ನಿಧಾನವಾಗಿ ಇಳಿಸುತ್ತಾರೆ. ಕುರ್ಚಿ ಮೇಲೆ ನಿಂತು ಫ್ಯಾನ್ ಒರೆಸುವುದಕ್ಕೇ ಕೈಕಾಲು ತಣ್ಣಗಾಗುವ ನನಗೆ, ಬೆನ್ನ ಹಿಂದೆ ಏನೂ ಇಲ್ಲದ ಕಡೆ ಹೋಗಿ ಕೂರು ಎನ್ನುವ ಮಾತು ಕೇಳಿದರೇ ಜೀವ ಬಾಯಿಗೆ ಬರುತ್ತದೆ.

ಬಂಡೆಯ ಬುಡದಲ್ಲಿ ತಗಡಿನ ಮಾಡಿನ ಒಂದು ಕೋಣೆ ಇದೆ. ಗೋಡೆಯ ಗೂಟಗಳಲ್ಲಿ ಹೆಲ್ಮೆಟ್ಟುಗಳು, ಸುರುಳಿ ಸುತ್ತಿದ ಹಗ್ಗಗಳು. ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಹಗ್ಗದಕ್ಕನ ಗಂಡ ಕೂತಿದ್ದಾರೆ. ಹೆಂಡತಿ ಊರಿಗೆಲ್ಲ ಅಕ್ಕ ಆದ ಮೇಲೆ ಇವರು ತಪ್ಪಿಸಿಕೊಳ್ಳುವ ಹಾಗಿಲ್ಲ, ಊರಿಗೆಲ್ಲ ಭಾವ. ಹಗ್ಗದ ಚೀಲಗಳು ಹರಿದರೆ ಹೊಲಿಯುವುದು, ಹಗ್ಗವನ್ನು ಗೇಣು ಗೇಣಾಗಿ ಬೆರಳಿನ ನಡುವೆ ಹಾಯಿಸಿ ಎಲ್ಲಾದರೂ ಮೆತ್ತಗಾಗಿದೆಯೇ ಎಂದು ನೋಡುವುದು ಭಾವನ ಕೆಲಸ. ನಡೆಯುವಾಗ ಒಂದು ಕಡೆಗೆ ವಾಲುತ್ತಾರೆ.

ನನಗೆ ಟೀ ಬಗ್ಗಿಸುತ್ತ ಭಾವ ಗುಟ್ಟು ಹೇಳುವವರಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ನನ್ನ ಕೈಯಲ್ಲಿ ಏನಾದ್ರೂ ಕೆಲ್ಸ ಇದ್ರೆ ಇವಳು ನನ್ನ ಏನೂ ಕೇಳಲ್ಲ. ಜಗಳ ಜೋರಾಯ್ತು ಅನ್ನಿ, ನಾನು ಬಗ್ಗಿ ಶೂ ಲೇಸ್ ಕಟ್ಟೋಕೆ ಶುರು ಮಾಡ್ತೀನಿ. ಬಾಯಿಗೆ ಬೀಗ!"

ಬಾಗಿಲಲ್ಲಿ ನಿಂತ ಹಗ್ಗದಕ್ಕ ಇದನ್ನು ಕೇಳಿಸಿಕೊಂಡಿದ್ದಾರೆ. ಗಂಡ ಟೀ ಪಾತ್ರೆ ಕೆಳಗಿಡುವವರೆಗೂ ಕಾದು, "ಮನೆಗೆ ಬನ್ನಿ, ಬೀಗ ತೆಗೀತೀನಿ" ಎನ್ನುತ್ತಾರೆ.

ನಕ್ಕು ಮುಗಿದ ಮೇಲೆ ಕಥೆ ಹೊರಬರುತ್ತದೆ. ಕೆಲವು ವರ್ಷಗಳ ಹಿಂದೆ ಜನರನ್ನು ಹತ್ತಿಸುತ್ತಿದ್ದುದು ಭಾವ. ಹೆಂಡತಿ ಸಹಾಯಕ್ಕೆ ಬರುತ್ತಿದ್ದರು. ಒಂದು ಮುಂಜಾನೆ, ಜನ ಬರುವ ಮೊದಲು ಒಂದು ಸುತ್ತು ಹತ್ತಿ ಬರುತ್ತೇನೆಂದು ಭಾವ ಸೊಂಟದ ಪಟ್ಟಿಗೆ ಹಗ್ಗ ಪೋಣಿಸುತ್ತಿದ್ದರು. ಗಂಟು ಅರ್ಧ ಆಗಿತ್ತು. ಅಷ್ಟರಲ್ಲಿ ಹೆಂಡತಿ ಕೇಳಿದರು, "ರೀ, ಕೋಣೆ ಬೀಗದ ಕೈ ಎಲ್ಲಿಟ್ರಿ?" ಭಾವ ಕೈಯಲ್ಲಿದ್ದುದನ್ನು ಬಿಟ್ಟು, ಜೇಬು ತಡಕಿ, ಬೀಗದ ಕೈ ಎಸೆದು, ಬಂಡೆ ಹತ್ತಿದರು. ಕೆಳಗೆ ಹಗ್ಗ ಹಿಡಿದದ್ದು ಹೆಂಡತಿಯೇ.

ಹತ್ತುವಾಗ ಹಗ್ಗದ ಮೇಲೆ ಭಾರ ಬೀಳುವುದಿಲ್ಲ. ಅರ್ಧ ಗಂಟು ಸುಮ್ಮನೆ ಜೊತೆಗೆ ಹೋಯಿತು. ತುದಿ ಮುಟ್ಟಿ ಹಿಂದಕ್ಕೆ ಒರಗಿದಾಗ ಹಗ್ಗ ಪಟ್ಟಿಯಿಂದ ಜಾರಿ ಹೊರಬಂತು. ಇಳಿಜಾರಿನಲ್ಲಿ ಉಜ್ಜಿಕೊಂಡು ಬಂದು ಬುಡದ ಪೊದೆಯಲ್ಲಿ ಬಿದ್ದಿದ್ದರಿಂದ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು.

"ಹತ್ತೋ ಮುಂಚೆ ಒಬ್ಬರ ಗಂಟನ್ನ ಇನ್ನೊಬ್ಬರು ನೋಡ್ಬೇಕು. ಇದು ನಮ್ಮ ಕೆಲ್ಸದಲ್ಲಿ ಮೊದಲನೇ ಪಾಠ," ಎನ್ನುತ್ತಾರೆ ಹಗ್ಗದಕ್ಕ. "ಬೇರೆ ಯಾರಾಗಿದ್ರೂ ನೋಡ್ತಿದ್ದೆ. ಗಂಡ ಅಲ್ವಾ, ಎಷ್ಟೋ ವರ್ಷದಿಂದ ಗಂಟು ಹಾಕ್ದೋರು, ಅವರದ್ದೇನು ನೋಡೋದು ಅಂತ ಬಿಟ್ಟೆ. ನನ್ನ ಕೈಯಲ್ಲಿ ಬರೀ ಹಗ್ಗ ಉಳೀತು. ಆ ಹಗುರ ಇನ್ನೂ ಕೈಯಲ್ಲಿದೆ."

ಹೇಳುತ್ತ ಅವರು ಕುತ್ತಿಗೆಯ ದಾರವನ್ನು ಮುಟ್ಟಿಕೊಳ್ಳುತ್ತಾರೆ. ದಾರದಲ್ಲಿ ಬೀಗದ ಕೈ ತೂಗುತ್ತಿದೆ. ಅಂದಿನಿಂದ ಅದು ಅಲ್ಲೇ ಇದೆ, ಯಾರನ್ನೂ ಕೇಳುವ ಪ್ರಸಂಗವೇ ಬರಬಾರದೆಂದು.

ಭಾವನ ಮೂಳೆ ಕೂಡಿ ಎಷ್ಟೋ ದಿನವಾಯಿತು. ಸಣ್ಣ ಬಂಡೆ ಹತ್ತಬಹುದು ಎಂದು ಡಾಕ್ಟರೂ ಹೇಳಿದ್ದಾರೆ. ಪ್ರತಿ ವಾರಾಂತ್ಯ ಭಾವ ಸೊಂಟದ ಪಟ್ಟಿ ಕಟ್ಟಿಕೊಂಡು ಬಂಡೆಯ ಬುಡದವರೆಗೆ ಬರುತ್ತಾರೆ. ಅಲ್ಲಿಂದ ಒಂದಲ್ಲ ಒಂದು ನೆಪ. ಬಿಸಿಲು ಜಾಸ್ತಿ, ಬಂಡೆ ಒದ್ದೆ, ಶೂ ಬಿಗಿ. ನಿಮ್ಮ ಆಸೆ ಏನು ಎಂಬ ನಮ್ಮ ಪತ್ರಿಕೆಯವರ ಮಾಮೂಲಿ ಪ್ರಶ್ನೆಯನ್ನು ಕೇಳಿದಾಗ ಹಗ್ಗದಕ್ಕ ಯೋಚನೆಯನ್ನೇ ಮಾಡುವುದಿಲ್ಲ. "ಇವರು ಒಂದೇ ಒಂದ್ಸಲ ನನ್ನ ಹಗ್ಗದಲ್ಲಿ ಕೂತ್ಕೋಬೇಕು. ಅಷ್ಟೇ. ಒತ್ತಾಯ ಮಾಡಲ್ಲ. ಇದು ಒತ್ತಾಯಕ್ಕೆ ಆಗೋದಲ್ಲ."

ಬಿಸಿಲು ಬಂಡೆಯ ಅರ್ಧಕ್ಕೆ ಇಳಿಯುವಾಗ ಇಂದಿನ ಕುಟುಂಬ ಬರುತ್ತದೆ. ತಾಯಿ, ಒಂಬತ್ತರ ಆಸುಪಾಸಿನ ಮಗಳು, ಮತ್ತು ಹುಡುಗಿಯ ಅಜ್ಜಿ. ಅಜ್ಜಿ ಬಂದಿರುವುದು ಚಪ್ಪಲಿ, ನೀರಿನ ಬಾಟಲಿ ಕಾಯುವುದಕ್ಕಂತೆ. ಬಂಡೆಯನ್ನು ಬುಡದಿಂದ ತುದಿಯವರೆಗೆ ನೋಡಿ, "ಇದನ್ನ ಹತ್ತೋಕೆ ಇವ್ರಿಗೇನು ಕೇಡುಗಾಲ" ಎಂದು ಹೇಳಿ ನೆರಳು ಹುಡುಕಿ ಕೂರುತ್ತಾರೆ.

ಹಗ್ಗದಕ್ಕ ಯಾರನ್ನೂ ನೇರವಾಗಿ ಬಂಡೆಗೆ ಬಿಡುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಗದ್ದದಡಿ ಕೂರಬೇಕು, ಸೊಂಟದ ಪಟ್ಟಿಯೊಳಗೆ ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಆಮೇಲೆ ಮೊಣಕಾಲೆತ್ತರಕ್ಕೆ ಹತ್ತಿಸಿ ಅಲ್ಲೇ ಕೈ ಬಿಡಲು ಹೇಳುತ್ತಾರೆ, ಮಕ್ಕಳಿಗಿಂತ ಮೊದಲು ತಂದೆತಾಯಿಗೆ. "ಹಗ್ಗ ಹಿಡಿಯುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಮನಸ್ಸು ನಂಬಲ್ಲ. ಕೂತ ಮೇಲೆ ನಂಬುತ್ತೆ. ಅಮ್ಮ ನಂಬಿದ್ರೆ ಮಗು ನಂಬುತ್ತೆ."

ತಾಯಿ ಕೂರುತ್ತಾರೆ, ಕಿರುಚುತ್ತಾರೆ, ನಗುತ್ತಾರೆ. ಹುಡುಗಿ ಗಂಟು ಹಾಕಿಸಿಕೊಳ್ಳುವಾಗ ಅಜ್ಜಿ ದೂರದಿಂದ "ಹುಷಾರು ಕಂದಾ" ಎಂದರೆ ನಾವೆಲ್ಲ ಒಟ್ಟಿಗೆ ತುಟಿಯ ಮೇಲೆ ಬೆರಳಿಡುತ್ತೇವೆ. ಗಂಟು ಮುಗಿಯುತ್ತದೆ. ಹುಡುಗಿ ಹತ್ತುತ್ತಾಳೆ. "ಕೈಯಲ್ಲಿ ಜೋತಾಡ್ಬೇಡ ಪುಟ್ಟಿ, ಕಾಲಲ್ಲಿ ನಿಲ್ಲು. ಕಾಲು ನೋಡ್ಕೋ," ಎಂದು ಹಗ್ಗದಕ್ಕ ಕೆಳಗಿನಿಂದ ಹೇಳುತ್ತಾರೆ. ಅವರ ಕಣ್ಣು ಹುಡುಗಿಯ ಮೇಲಿದೆ, ಕೈ ತನ್ನಷ್ಟಕ್ಕೆ ಹಗ್ಗ ಎಳೆದುಕೊಳ್ಳುತ್ತಿದೆ. ಹುಡುಗಿಯ ಕಾಲು ಒಮ್ಮೆ ಜಾರುತ್ತದೆ. ನಾನು ಅಯ್ಯೋ ಎನ್ನುವಷ್ಟರಲ್ಲಿ ಅವಳು ಇದ್ದಲ್ಲೇ ತೂಗುತ್ತಿದ್ದಾಳೆ, ಬಿದ್ದದ್ದೂ ಗೊತ್ತಾಗದವಳಂತೆ ಮುಂದಿನ ಬಿರುಕು ಹುಡುಕುತ್ತಿದ್ದಾಳೆ. ನಾನು ಬಾಯಿ ತೆರೆದು ನಿಂತಿದ್ದೇನೆ. ಇಷ್ಟು ದೊಡ್ಡ ಕಲ್ಲು, ಇಷ್ಟು ಸಣ್ಣ ಜೀವ, ನಡುವೆ ಒಬ್ಬ ಹೆಂಗಸಿನ ಮುಷ್ಟಿ. ಇದಕ್ಕಿಂತ ದೊಡ್ಡದನ್ನು ನಾನು ಹತ್ತಿರದಿಂದ ನೋಡಿಲ್ಲ.

ಮೊಮ್ಮಗಳು ಇಳಿದು ಬಂದ ಮೇಲೆ ಅಜ್ಜಿಗೆ ಏನಾಯಿತೋ. ಎದ್ದು ಬಂದು, "ಆ ಕೂರೋದೊಂದನ್ನ ನಾನೂ ನೋಡ್ತೀನಿ" ಎನ್ನುತ್ತಾರೆ. ಹಗ್ಗದಕ್ಕ ಪಟ್ಟಿ ಕಟ್ಟಿ, ಗಂಟು ಹಾಕಿ, ಒಂದಾಳೆತ್ತರ ಹತ್ತಿಸುತ್ತಾರೆ. ಅಜ್ಜಿ ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ ಹಗ್ಗದಲ್ಲಿ ಕೂರುತ್ತಾರೆ. ಇಳಿದ ಮೇಲೆ ಹಗ್ಗದಕ್ಕನ ಕೈ ಹಿಡಿದು, "ಮದುವೆಯಾದ ಮೇಲೆ ಇಷ್ಟು ನಿಶ್ಚಿಂತೆಯಾಗಿ ಎಲ್ಲೂ ಕೂತಿರ್ಲಿಲ್ಲ ಕಣಮ್ಮ" ಎನ್ನುತ್ತಾರೆ. ಎಲ್ಲರೂ ನಗುತ್ತೇವೆ. ಅಜ್ಜಿ ಅಲ್ಲಿಗೆ ಬಿಡದೆ, ಪಟ್ಟಿ ಕಟ್ಟಿಕೊಂಡು ಸುಮ್ಮನೆ ನಿಂತ ಭಾವನನ್ನು ನೋಡಿ, "ನೀವ್ಯಾಕಪ್ಪ ಹೀಗೆ ನಿಂತಿದೀರಿ? ನಿಮ್ಮ ಸರದಿ ಅಲ್ವಾ?" ಎಂದು ಕೇಳುತ್ತಾರೆ.

ಭಾವ ಬಾಯಿ ತೆರೆಯುತ್ತಾರೆ. ನೆಪ ಸಿಗುವುದಿಲ್ಲ. ಬಿಸಿಲು ಹಿತವಾಗಿದೆ, ಬಂಡೆ ಒಣಗಿದೆ. ಅವರು ನಿಧಾನವಾಗಿ ಹಗ್ಗದ ತುದಿ ಎತ್ತಿಕೊಳ್ಳುತ್ತಾರೆ.

ಯಾರೂ ಉಸಿರೆತ್ತುವುದಿಲ್ಲ. ಎಂಟರ ಆಕಾರದ ಗಂಟು, ಅದೇ ದಾರಿಯಲ್ಲಿ ಹಗ್ಗ ಮರಳಿ ಹೋಗಬೇಕು. ಭಾವ ಪ್ರತಿ ಸುತ್ತನ್ನೂ ಹೆಬ್ಬೆರಳಿನಲ್ಲಿ ಒತ್ತಿ ಕೂರಿಸುತ್ತಾರೆ. ಮುಗಿಯಿತು. ಹಗ್ಗದಕ್ಕ ಹತ್ತಿರ ಬಂದು ಗಂಟನ್ನು ಬೆರಳಿನಿಂದ ಉದ್ದಕ್ಕೂ ಸವರಿ, ಜಗ್ಗಿ, ಮತ್ತೆ ಮೊದಲಿನಿಂದ ನೋಡುತ್ತಾರೆ. ಭಾವ ಹೆಂಡತಿಯ ಹಗ್ಗ, ಕೊಂಡಿ ನೋಡುತ್ತಾರೆ. ಗಂಡ ತಮಗಿಂತ ಭಾರ ಎಂದು ಹಗ್ಗದಕ್ಕ ತಮ್ಮನ್ನು ಹಿಂದಿನ ಮರಕ್ಕೆ ಒಂದು ಪಟ್ಟಿಯಿಂದ ಕಟ್ಟಿಕೊಳ್ಳುತ್ತಾರೆ.

ಭಾವ ಹತ್ತುತ್ತಾರೆ. ವಾಲುವ ಕಾಲನ್ನು ಕೈಯಿಂದ ಎತ್ತಿಡಬೇಕಾಗುತ್ತದೆ ಒಮ್ಮೆ. ಆದರೆ ಆ ಕೈಗಳು ಬಂಡೆಯನ್ನು ಮರೆತಿಲ್ಲ. ಕೊನೆಗೂ ತುದಿಯ ಕೊಂಡಿ ಮುಟ್ಟುತ್ತಾರೆ. ಈಗ ಹಿಂದಕ್ಕೆ ಒರಗಬೇಕು. ಒರಗುವುದಿಲ್ಲ. ಕಲ್ಲಿಗೆ ಅವುಚಿಕೊಂಡು ನಿಂತುಬಿಡುತ್ತಾರೆ. ಕೆಳಗೆ ಹಗ್ಗದಕ್ಕ ಕೂತ್ಕೊಳ್ಳಿ ಎನ್ನುವುದಿಲ್ಲ, ಹಿಡಿದಿದೀನಿ ಎನ್ನುವುದಿಲ್ಲ. ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿ ಕಾಯುತ್ತಾರೆ. ಕೆನ್ನೆಯ ಮೇಲೆ ನೀರಿಳಿಯುತ್ತಿದೆ, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ.

ಭಾವನ ಒಂದು ಕೈ ಬಂಡೆ ಬಿಡುತ್ತದೆ. ಆಮೇಲೆ ಇನ್ನೊಂದು. ಬೆನ್ನು ಗಾಳಿಗೆ ಒರಗುತ್ತದೆ. ಹಗ್ಗ ಬಿಗಿಯಾಗುತ್ತದೆ, ಹಗ್ಗದಕ್ಕ ಎಳೆತಕ್ಕೆ ಒಂದು ಹೆಜ್ಜೆ ಮುಂದಕ್ಕೆ ಸರಿದು ನಿಲ್ಲುತ್ತಾರೆ. ಗಂಡನ ಇಡೀ ಭಾರ ಅವರ ಕೈಯಲ್ಲಿದೆ. ಅಷ್ಟು ಭಾರ ಹೊತ್ತು ಅಷ್ಟು ಸುಖವಾಗಿ ನಕ್ಕವರನ್ನು ನಾನು ಕಂಡಿಲ್ಲ.

ಭಾವ ನೆಲ ಮುಟ್ಟಿ, ಗಂಟು ಬಿಚ್ಚಿ, ಸೊಂಟ ಹಿಡಿದು ಕೂರುತ್ತಾರೆ. ಹಗ್ಗದಕ್ಕ ಕುತ್ತಿಗೆಯ ದಾರವನ್ನು ತೆಗೆದು, ಬೀಗದ ಕೈಯನ್ನು ಗಂಡನ ಅಂಗಿಯ ಜೇಬಿಗೆ ಹಾಕುತ್ತಾರೆ.

ಸಂಜೆ ನಾನು ಹೊರಡುವಾಗ ಹಗ್ಗದಕ್ಕ ಹಗ್ಗ ಬಿಚ್ಚಿ ತರಲು ನೆತ್ತಿಗೆ ಹೋಗಿದ್ದಾರೆ. ಭಾವ ಕೋಣೆಯ ಮುಂದೆ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾರೆ. ಮೇಲಿನಿಂದ ಬಂಡೆಯೇ ಪ್ರತಿಧ್ವನಿಸುವಂತೆ ಕೂಗು ಬರುತ್ತದೆ.

"ರೀ, ಬೀಗದ ಕೈ ಎಲ್ಲಿಟ್ರಿ?"

ಭಾವ ತಲೆ ಎತ್ತುವುದಿಲ್ಲ. ಲೇಸನ್ನು ಪೂರ್ತಿ ಕಟ್ಟಿ, ಗಂಟನ್ನು ಒಮ್ಮೆ ಎಳೆದು ನೋಡಿ, ಆಮೇಲೆ ಎದ್ದು ನಿಂತು ಜೇಬು ತಟ್ಟಿಕೊಳ್ಳುತ್ತಾರೆ.

"ಇಲ್ಲೇ ಇದೆ ಕಣೇ!"