ಝರೋಕ ಬಿಟ್ಟಿಳಿಯದ ಈಶರ್ ಕೌರ್

ಬಟಾಲಾದ ಹಳೇ ಪೇಟೆಯಲ್ಲಿ, ಹವೇಲಿಯ ಮಹಡಿಯಿಂದ ಓಣಿಯ ಮೇಲೆ ಚಾಚಿಕೊಂಡಿದ್ದ ಕೆತ್ತನೆಯ ಮರದ ಗವಾಕ್ಷಿ, ಅಂದರೆ ಝರೋಕದಲ್ಲಿ ಈಶರ್ ಕೌರ್ ಕೂತಿಲ್ಲದ ದಿನವೇ ಇರಲಿಲ್ಲ. ಗಂಡ ತೀರಿಕೊಂಡು ಚಿಕ್ಕ ವಯಸ್ಸಿಗೇ ತವರಿಗೆ ಮರಳಿದವಳು. "ವಿಧವೆ ಬೀದಿಗೆ ಮುಖ ಕೊಟ್ಟು ಕೂರೋದಾ?" ಎಂದು ಅತ್ತಿಗೆ ಮೂತಿ ತಿರುವಿದ್ದಳು.

"ನಮ್ಮಜ್ಜ ಇದನ್ನ ಕೆತ್ತಿಸಿದ್ದು ಪಾರಿವಾಳ ಕೂರಲಿ ಅಂತಲ್ಲ" ಎಂದು ಆ ದಿನ ಚಾಪೆ ಹಾಸಿದವಳು ಮತ್ತೆ ಮಡಚಲಿಲ್ಲ.

ಅಲ್ಲೇ ಬಟಾಣಿ ಬಿಡಿಸಿದಳು, ಅಲ್ಲೇ ಜಪ ಮಾಡಿದಳು, ಅಲ್ಲಿಂದಲೇ ಓಣಿಯ ಅರ್ಧ ಜಗಳಗಳನ್ನು ತೀರಿಸಿದಳು. ಕಂಬದಲ್ಲಿ ಕೆತ್ತಿದ ಬಳ್ಳಿಗಳ ಸಂದಿಯ ಧೂಳನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆಯುತ್ತಿದ್ದಳು. ಬೆನ್ನ ಹಿಂದಿನ ಗೋಡೆಯಲ್ಲಿ ಮರದಡಿ ಕೂತ ಗುರು ನಾನಕರ ಚಿತ್ರ, ಸುತ್ತ ಗಿಣಿ, ದಾಳಿಂಬೆ.

ಅಣ್ಣ ಅತ್ತಿಗೆ ಇಬ್ಬರೂ ತೀರಿಕೊಂಡ ಮೇಲೆ ಅವರ ಮಗ ಸುಲಖ್ಖಣ್ ಸಿಂಗ್ ಕೆಳಗೆ ಹೊಲಿಗೆ ಯಂತ್ರದ ಅಂಗಡಿ ತೆರೆಯಲು ಹೊರಟ. ದೊಡ್ಡ ಬೋರ್ಡು ಏರಬೇಕಾದರೆ ಝರೋಕ ಇಳಿಯಬೇಕು.

"ಅತ್ತೆ, ನಾಳೆ ಬಡಗಿಗಳು ಬರ್ತಾರೆ. ನಿನ್ನ ಸಾಮಾನೆಲ್ಲ ಹಿಂದಿನ ಕೋಣೆಗೆ ಹಾಕಿಸ್ತೀನಿ."

"ಹಾಕಿಸು. ನನ್ನನ್ನ ಯಾರು ಹಾಕಿಸ್ತಾರೆ?"

ಸಂಜೆಯೇ ಅವಳು ಮಂಚವನ್ನು ಝರೋಕಕ್ಕೆ ಎಳೆದುಕೊಂಡು ಕೋಣೆಗೆ ಒಳಗಿನಿಂದ ಅಗುಳಿ ಜಡಿದಳು. ಎದುರು ಮನೆಯ ಬಚನಿ ಕೋಲಿನ ತುದಿಗೆ ಬುಟ್ಟಿ ಸಿಕ್ಕಿಸಿ, ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪನ್ನು ಓಣಿ ದಾಟಿಸಿದಳು.

ಬೆಳಿಗ್ಗೆ ಬಂದ ಬಡಗಿಗಳು, ಮೇಲೆ ಮುದುಕಿ ಕೂತಿರುವುದನ್ನು ಕಂಡು ಉಳಿ ಕೆಳಗಿಟ್ಟರು. ಸುಲಖ್ಖಣನಿಗೆ ಪಿತ್ತ ನೆತ್ತಿಗೇರಿತು. ತಾನೇ ಏಣಿ ಹತ್ತಿ, ಝರೋಕವನ್ನು ಅಡಿಯಿಂದ ಹೊತ್ತಿದ್ದ ಮರದ ಕೆತ್ತನೆಯ ನವಿಲಿಗೆ ಸುತ್ತಿಗೆ ಬೀಸಿದ. ನವಿಲು ಕತ್ತು ಮುರಿದು ಕಳಚಿ ಬಿತ್ತು. ಝರೋಕ ಒಂದು ಕಡೆಗೆ ವಾಲಿತು. ಹಿತ್ತಾಳೆ ಲೋಟ ಉರುಳಿ ಓಣಿಗೆ ಬಿತ್ತು.

"ಇಳೀತೀಯೋ ಇಲ್ವೋ?"

"ಇನ್ನೊಂದು ಏಟು ಹಾಕೋ. ಇಳೀತೀನಿ, ನಿನ್ನ ತಲೆ ಮೇಲೇ ಇಳೀತೀನಿ!"

ಬಚನಿ ಕೂಗಿದಳು: "ಹೊಡಿಯಪ್ಪಾ ಸುಲಖ್ಖಣ! 'ಅತ್ತೇನ ಕೊಂದವನ ಅಂಗಡಿ' ಅಂತ ಬೋರ್ಡು ಬರೆಸು, ಗಿರಾಕಿಗಳು ಮುಗಿಬೀಳ್ತಾರೆ!"

ಓಣಿ ಗೊಳ್ಳೆಂದಿತು. ಸುಲಖ್ಖಣ್ ತಲೆಯೆತ್ತಿ ನೋಡಿದ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿದ್ದಳು. ಕಣ್ಣು ಮಾತ್ರ ಅವನ ಮೇಲಿಂದ ಕದಲಲಿಲ್ಲ. ಅವನು ಸುತ್ತಿಗೆ ಕೆಳಗಿಳಿಸಿದ. ಏಣಿ ಇಳಿದ.

ಬಡಗಿಗಳು ಸದ್ಯಕ್ಕೆ ಒಂದು ತೊಲೆ ಆನಿಸಿದರು. "ನವಿಲು ಎಲ್ಲಿ?" ಎಂದಳು ಅವಳು. "ಅದು ಜಾಗಕ್ಕೆ ಬರೋವರೆಗೂ ಅಗುಳಿ ತೆಗೆಯಲ್ಲ." ಕೊನೆಗೆ ಕತ್ತಿಗೆ ಕಬ್ಬಿಣದ ಪಟ್ಟಿ ಬಿಗಿದು ನವಿಲನ್ನು ಕೂರಿಸಿದ ಮೇಲೆಯೇ ಬಾಗಿಲು ತೆರೆಯಿತು.

ಬೋರ್ಡು ಝರೋಕದ ಕೆಳಗೆ ಗಿಡ್ಡವಾಗಿ ಏರಿತು. ಅಂಗಡಿ ತೆರೆದ ದಿನ ಸುಲಖ್ಖಣ್ ಲಡ್ಡು ಹಿಡಿದು ಮೇಲೆ ಬಂದು ತಲೆ ತಗ್ಗಿಸಿ ನಿಂತ. ಈಶರ್ ಕೌರ್ ತಿಂದಳು. "ಸಿಹಿ ಕಮ್ಮಿ" ಎಂದಳು. ಆಮೇಲೆ ಸಾಯುವವರೆಗೂ ಅಲ್ಲೇ ಕೂತು ಕಡಲೆಕಾಯಿ ಸುಲಿದು, ಸಿಪ್ಪೆಯನ್ನು ಬೋರ್ಡಿನ ಮೇಲೆ ಉದುರಿಸಿದಳು. ಪ್ರತಿ ಸಂಜೆ ಅದನ್ನು ಗುಡಿಸುವಾಗ ಸುಲಖ್ಖಣ್ ಒಮ್ಮೆಯೂ ಮೇಲೆ ನೋಡಲಿಲ್ಲ.